ಹೇಳಿದ್ದನ್ನು ಹೇಳು

ಮಗಳು ಕಾರಿನಿಂದ ಇಳಿದು, ಸುತ್ತಿ ಬಂದು, ಬಾಗಿಲು ತೆಗೆದು ಹಿಡಿದು ನಿಂತದ್ದೇ ಅವಳಿಗೆ ಆ ದಿನದ ಎರಡನೆಯ ಸಿಟ್ಟು. ಎಪ್ಪತ್ತೆರಡು ವರ್ಷದ ಮಂಡಿ ನೋಯುತ್ತದೆ ನಿಜ. ಆದರೆ ಕಾರಿನ ಬಾಗಿಲು ತೆಗೆಯುವುದಕ್ಕೆ ಬೇಕಾದದ್ದು ಕೈ, ಮಂಡಿಯಲ್ಲ. ಇಪ್ಪತ್ತೊಂಬತ್ತು ವರ್ಷ ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಒದ್ದೆ ಚಾದರಗಳ ಮೂಟೆ ಎತ್ತಿ ಯಂತ್ರದ ಬಾಯಿಗೆ ತುರುಕಿದ ಕೈ ಅದು. "ನಿಧಾನ ಅಮ್ಮ" ಅಂದಳು ಮಗಳು, ಗಾಜಿನ ಲೋಟ ಇಳಿಸುವವಳ ಹಾಗೆ. ಮೊದಲನೆಯದು ಬಟ್ಟೆಯದು. ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿ, "ಅಮ್ಮ, ಇವತ್ತು ನಮ್ಮ ಕಡೆ ಬಟ್ಟೆ ಹಾಕ್ಕೋ, ಫೋಟೋ ತೆಗೀತಾರೆ" ಎಂದಿದ್ದಳು. ಈ ಊರಿಗೆ ಬಂದ ಹೊಸತರಲ್ಲಿ ಅದೇ ಬಟ್ಟೆಯಲ್ಲಿ ಬಸ್ಸು ಹತ್ತಿದರೆ ಪಕ್ಕದ ಸೀಟಿನವರು ಎದ್ದು ಹೋಗಿ ಕಂಬ ಹಿಡಿದು ನಿಲ್ಲುತ್ತಿದ್ದರು. ಆಗ ನಾಲ್ಕು ಜನರ ಕಣ್ಣಿಗೆ ಚುಚ್ಚಿದ್ದು ಈಗ ಫೋಟೋಕ್ಕೆ ಚೆಂದವಂತೆ. ಅವಳು ಬೇಕೆಂದೇ ಕಂದು ಕೋಟು ತೊಟ್ಟು ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡು ಬಂದಿದ್ದಳು. ಮಗಳು ನೋಡಿದಳು, ತುಟಿ ಬಿಗಿದಳು, ಏನೂ ಅನ್ನಲಿಲ್ಲ. ಏನೂ ಅನ್ನದೆ ಇರುವುದನ್ನು ಅವಳು ಎಲ್ಲಿ ಕಲಿತಳೋ ಎಂದು ತಾಯಿಗೆ ಅನ್ನಿಸಿತು. ಅನ್ನಿಸಿದ ಮರುಗಳಿಗೆಯೇ ಎಲ್ಲಿ ಅಂತ ಗೊತ್ತಿದ್ದದ್ದರಿಂದ ಮುಖ ತಿರುಗಿಸಿಕೊಂಡಳು.

ನಗರಸಭೆಯ ಕಟ್ಟಡದ ಬಾಗಿಲಲ್ಲಿ ಒಬ್ಬ ಹುಡುಗಿ ಅವಳ ಎದೆಗೆ ಹೆಸರಿನ ಚೀಟಿ ಅಂಟಿಸಿದಳು. ಈ ಊರಿನ ಲಿಪಿ ಅವಳಿಗೆ ಪೂರ್ತಿ ಓದಲು ಬಾರದು, ಆದರೆ ತನ್ನ ಹೆಸರು ಹೇಗೆ ಕಾಣುತ್ತದೆ ಎಂದು ಗೊತ್ತು. ಪ್ರತಿ ವಾರದ ಸಂಬಳದ ಲಕೋಟೆಯ ಮೇಲೆ ನೋಡಿದ್ದು. ಎರಡು ಅಕ್ಷರ ತಪ್ಪಾಗಿತ್ತು. ಬೆರಳಿಟ್ಟು ತೋರಿಸಿದಳು. "ಇರಲಿ ಬಿಡಮ್ಮ, ಒಂದು ಗಂಟೆ ತಾನೆ" ಅಂದಳು ಮಗಳು. ಒಂದು ಗಂಟೆ ಬೇರೆ ಯಾರದೋ ಹೆಸರಿನಲ್ಲಿ ಕೂತರೆ ಏನು ಮಹಾ, ಹೌದು. ಲಾಂಡ್ರಿಯ ಮೇಸ್ತ್ರಿ ಹೆಸರು ಉಚ್ಚರಿಸಲು ಬಾರದೆ ಇಪ್ಪತ್ತೊಂಬತ್ತು ವರ್ಷವೂ ಅವಳನ್ನು "ಮೂರನೇ ರೋಲರ್" ಎಂದೇ ಕೂಗಿದ. ಚಾದರಗಳನ್ನು ಇಸ್ತ್ರಿ ಮಾಡುವ ಮೂರನೆಯ ಯಂತ್ರದ ಬಾಯಲ್ಲಿ ಅವಳ ಜಾಗ. ಕೂಗಿದರೆ ಅವಳು ತಿರುಗುತ್ತಿದ್ದಳು. ತಿರುಗಿ ನಗುತ್ತಿದ್ದಳು ಕೂಡ. ಆ ನಗುವನ್ನು ನೆನೆಸಿಕೊಂಡರೆ ಈಗ ಮೈಯೆಲ್ಲ ಉರಿಯುತ್ತದೆ.

ಅವಳು ಇಲ್ಲಿಗೆ ಬಂದದ್ದು ಒಂದು ಕೋಣೆಗಾಗಿ. ಅವಳು ಇರುವ ಎಂಟು ಮಹಡಿಯ ವಸತಿ ಕಟ್ಟಡದ ಕೆಳಗೆ, ಮೆಟ್ಟಿಲ ಪಕ್ಕದಲ್ಲಿ, ಹಿಂದೆ ಹಳೇ ಸಾಮಾನು ತುಂಬುತ್ತಿದ್ದ ಕೋಣೆ. ಹನ್ನೆರಡು ವರ್ಷದ ಕೆಳಗೆ ಇವರೇ ಗುಡಿಸಿ ಸಾರಿಸಿ ಏಳು ಕುರ್ಚಿ, ನೀರು ಕಾಯಿಸುವ ಒಂದು ಪಾತ್ರೆ, ಒಂದು ಹೀಟರು ಇಟ್ಟುಕೊಂಡಿದ್ದರು. ಏಳು ಹೆಂಗಸರು, ಎಲ್ಲ ಒಂದೇ ಕಡೆಯಿಂದ ಬಂದವರು, ಎಲ್ಲ ಅರವತ್ತೈದು ದಾಟಿದವರು. ಬೆಳಿಗ್ಗೆ ಹತ್ತಕ್ಕೆ ಇಳಿದು ಬಂದರೆ ಊಟದ ಹೊತ್ತಿಗೆ ಏಳುವುದು. ಏನು ಮಾಡುತ್ತೀರಿ ಅಂತ ಹಿಂದೆ ಒಬ್ಬ ಅಧಿಕಾರಿ ಕೇಳಿದ್ದ. ಮಾತಾಡ್ತೀವಿ ಅಂದಿದ್ದರು. ಅವನು ಅದನ್ನು ಬರೆದುಕೊಂಡಿರಲಿಲ್ಲ. ಹೋದ ಚಳಿಗಾಲದಲ್ಲಿ ಒಂದು ದಿನ, ಏಳರಲ್ಲಿ ಒಬ್ಬಳಾದ ಹೊಲಿಗೆಯವಳ ಕುರ್ಚಿ ಹತ್ತೂವರೆಗೂ ಖಾಲಿ ಇತ್ತು. ಎಲ್ಲರೂ ಐದನೇ ಮಹಡಿಗೆ ಹತ್ತಿ, ಬಾಗಿಲು ಬಡಿದು, ಬೀಗ ಒಡೆಸಿ ನೋಡಿದರೆ, ಸೊಂಟ ಮುರಿದುಕೊಂಡು ಬಚ್ಚಲಲ್ಲಿ ಬಿದ್ದಿದ್ದಳು, ರಾತ್ರಿಯಿಂದ. ಈಗ ಕೋಲು ಹಿಡಿದು ಓಡಾಡುತ್ತಾಳೆ, ಮೊದಲಿಗಿಂತ ಹೆಚ್ಚು ಬೈಯುತ್ತಾಳೆ. ಆ ಕೋಣೆಯನ್ನು ಮುಚ್ಚಿ, ಹೊಳೆಯಾಚೆ ಹೊಸದಾಗಿ ಕಟ್ಟಿದ ಹಿರಿಯರ ಕೇಂದ್ರಕ್ಕೆ ಎಲ್ಲರನ್ನೂ ಕಳಿಸುವುದು ನಗರಸಭೆಯ ಯೋಜನೆ. ಅಲ್ಲಿ ಎಲ್ಲ ಕಡೆಯ ಮುದುಕರೂ ಬರುತ್ತಾರೆ, ಬೆರೆಯುತ್ತಾರೆ. ಬೆರೆಯೋದು ಅನ್ನುವ ಮಾತನ್ನು ಮಗಳು ಮೂರು ತಿಂಗಳಿಂದ ಹೇಳಿ ಹೇಳಿ ಸವೆಸಿದ್ದಳು. "ಬೆರೆಸೋಕೆ ನಾವೇನು ಹಿಟ್ಟಾ?" ಎಂದು ಹೊಲಿಗೆಯವಳು ಕೇಳಿದ್ದಕ್ಕೆ ಕೋಣೆಯಲ್ಲಿ ಎಲ್ಲರೂ ಕೆಮ್ಮು ಬರುವ ತನಕ ನಕ್ಕಿದ್ದರು. ನಕ್ಕು ಮುಗಿದ ಮೇಲೆ, "ಲಾಂಡ್ರಿಯಕ್ಕ, ನಿನ್ನ ಮಗಳು ನಗರಸಭೆಯಲ್ಲೇ ಕೆಲಸ ಮಾಡೋದು. ನೀನೇ ಹೋಗಿ ಹೇಳು" ಎಂದಿದ್ದರು.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಪ್ರತಿಯೊಬ್ಬರ ಮುಂದೆ ಒಂದು ನೀರಿನ ಬಾಟಲಿ. ಗೋಡೆಯ ಪರದೆಯ ಮೇಲೆ ಹೊಸ ಕೇಂದ್ರದ ಚಿತ್ರ: ಹಲ್ಲು ತೋರಿಸಿ ನಗುವ ಮುದುಕಿಯರು, ಎಲ್ಲರೂ ಅವರವರ ಕಡೆಯ ಬಟ್ಟೆಯಲ್ಲಿ. ಬಿಳಿಗಡ್ಡದ ಅಧ್ಯಕ್ಷ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡು ಜೋರಾಗಿ, ಒಂದೊಂದೇ ಶಬ್ದ ಬಿಡಿಸಿ ಮಾತಾಡಿದ. ಕಿವಿ ಕೇಳಿಸದವರ ಹತ್ತಿರ ಮಾತಾಡುವ ಹಾಗೆ. ಅವಳ ಕಿವಿ ಚೆನ್ನಾಗಿತ್ತು. ಯಂತ್ರಗಳ ಗದ್ದಲದಲ್ಲಿ ಸೂಜಿ ನೆಲಕ್ಕೆ ಬಿದ್ದ ಸದ್ದನ್ನು ಹಿಡಿಯುತ್ತಿದ್ದ ಕಿವಿ. ದಾದಿಯರು ಚಾದರದಲ್ಲಿ ಮರೆತು ಬಿಟ್ಟ ಸೂಜಿ ಕೈಗೆ ಚುಚ್ಚದ ಹಾಗೆ ನೋಡಿಕೊಳ್ಳಬೇಕಾಗಿತ್ತು. ಈ ಊರಿನವರು ಹುಟ್ಟಿದ, ಹೆತ್ತ, ಸತ್ತ ಚಾದರಗಳು ಮೇಲಿನ ಆರು ಮಹಡಿಗಳಿಂದ ಕೊಳವೆಯಲ್ಲಿ ಜಾರಿ ಅವಳ ಕಾಲ ಬುಡಕ್ಕೆ ಬಂದು ಬೀಳುತ್ತಿದ್ದವು. ಅವರ ರಕ್ತ, ಅವರ ಕೀವು, ಅವರ ವಾಂತಿ, ಇವಳ ಹತ್ತು ಬೆರಳು. ಇನ್ನೂ ಬೆರೆಯಬೇಕಂತೆ. ಅಧ್ಯಕ್ಷನ ಮುಖ ನೋಡಿದಳು. ಅರವತ್ತಿರಬಹುದು. ಇವನ ತಾಯಿಯ ಚಾದರವನ್ನೂ ತಾನು ಮಡಿಸಿರಬೇಕು ಅನ್ನಿಸಿತು.

ಅವಳ ಸರದಿ ಬಂದಾಗ ಮಗಳು ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು, "ನೀನು ನಮ್ಮ ಮಾತಲ್ಲೇ ಹೇಳು, ನಾನು ಅದನ್ನ ಇವರ ಮಾತಲ್ಲಿ ಹೇಳ್ತೀನಿ" ಅಂದಳು. ಅವಳು ಹೇಳಿದಳು. ಹಿಂದಿನ ದಿನ ಏಳು ಜನ ಕೂತು ಆರಿಸಿದ ಮಾತುಗಳು. ಹೊಲಿಗೆಯವಳ ಕುರ್ಚಿಯ ವಿಷಯ ಹೇಳಿದಳು. ಅವಳು ಬಿದ್ದದ್ದು ನಿಮ್ಮ ಯಾವ ಅಧಿಕಾರಿಗೂ ಗೊತ್ತಾಗಲಿಲ್ಲ, ನಮಗೆ ಗೊತ್ತಾಯಿತು, ಯಾಕೆಂದರೆ ಕುರ್ಚಿ ನಮ್ಮ ಕಣ್ಣೆದುರಿಗಿತ್ತು. ಹೊಳೆಯಾಚೆಗೆ ಎರಡು ಬಸ್ಸು, ನಡುವೆ ಸೇತುವೆಯ ಕೆಳಗೆ ಕೂರಲು ಒಂದು ಕಲ್ಲೂ ಇಲ್ಲದ ಕಡೆ ಅರ್ಧ ಗಂಟೆ ಕಾಯಬೇಕು, ಶೌಚಕ್ಕೆ ಜಾಗವಿಲ್ಲ. ಹೊಸ ಕೇಂದ್ರ ಕಟ್ಟುವ ಮೊದಲು ನಮ್ಮಲ್ಲಿ ಒಬ್ಬರನ್ನೂ ನೀವು ಕೇಳಲಿಲ್ಲ. ಕಟ್ಟಿ ಮುಗಿಸಿ ಈಗ ಕೇಳುತ್ತಿದ್ದೀರಿ, ಇದು ಕೇಳುವುದಲ್ಲ. ಇಷ್ಟು ಹೇಳುವಾಗ ಅವಳ ಧ್ವನಿ ಏರಿತ್ತು, ಬೆರಳು ಮೇಜಿನ ಮೇಲೆ ಎರಡು ಸಲ ಕುಟ್ಟಿತ್ತು.

ಮಗಳು ಹೇಳಿದ್ದು ನಾಲ್ಕೇ ವಾಕ್ಯ. ನಗುತ್ತ ಹೇಳಿದಳು. ಈ ಊರಿನ ಮಾತಿನಲ್ಲಿ ತಾಯಿಗೆ ಇನ್ನೂರು ಶಬ್ದ ಬರುತ್ತದೆ. ಒದ್ದೆ, ಭಾರ, ಬೇಗ, ಜೋಪಾನ, ಸೂಜಿ, ಮೂರನೇ ಮಹಡಿ, ಕ್ಷಮಿಸಿ. ಇವೆಲ್ಲಕ್ಕಿಂತ ಮೊದಲು ಕಲಿತದ್ದು ಧನ್ಯವಾದ. ಆ ನಾಲ್ಕು ವಾಕ್ಯದಲ್ಲಿ ಆ ಶಬ್ದ ಎರಡು ಸಲ ಬಂತು. ಮೇಜಿನ ಸುತ್ತ ಎಲ್ಲರೂ ಅವಳತ್ತ ತಿರುಗಿ ತಲೆ ಅಲ್ಲಾಡಿಸಿದರು. ಅಧ್ಯಕ್ಷ ಎದೆಯ ಮೇಲೆ ಕೈ ಇಟ್ಟುಕೊಂಡ. ಅವಳು ಮಗಳ ಮುಖ ನೋಡಿದಳು. ನಲವತ್ತಾರು ವರ್ಷದ ಮುಖವಾಗಿರಲಿಲ್ಲ ಅದು, ಹನ್ನೊಂದು ವರ್ಷದ್ದಾಗಿತ್ತು. ಆಸ್ಪತ್ರೆಯ ನಾಲ್ಕನೇ ಮಹಡಿಯ ಕಾರಿಡಾರಿನಲ್ಲಿ, ಶಾಲೆ ಬಿಡಿಸಿ ಕರೆತಂದ ಹುಡುಗಿ ಬೆನ್ನಿಗೆ ಚೀಲ ಹಾಕಿಕೊಂಡೇ ನಿಂತಿದ್ದಳು. ವೈದ್ಯ ಬಗ್ಗಿ ಅವಳ ಎತ್ತರಕ್ಕೆ ಬಂದು ಏನೋ ಹೇಳಿದ್ದ, ನಿಧಾನವಾಗಿ, ಕಷ್ಟದಿಂದ. ಹುಡುಗಿ ಕೇಳಿಸಿಕೊಂಡು, ಒಂದು ಸಲ ಉಗುಳು ನುಂಗಿ, ತಾಯಿಯ ಕಡೆ ತಿರುಗಿ ಇದೇ ನಗು ನಕ್ಕು, "ಅಪ್ಪ ಸುಧಾರಿಸ್ಕೊಂಡ್ರೆ ಸರಿ ಹೋಗುತ್ತಂತೆ" ಅಂದಿದ್ದಳು. ಆರು ವಾರಕ್ಕೆ ಅವನು ಹೋದ. ಅವನು ಹೋದ ಗಳಿಗೆಯಲ್ಲಿ ಅವಳು ನೆಲಮಾಳಿಗೆಯಲ್ಲಿ ಎರಡನೇ ಪಾಳಿಯಲ್ಲಿದ್ದಳು. ಆಮೇಲೆ ಒಂದು ವಾರ ಕೊಳವೆಯಿಂದ ಬಿದ್ದ ಒಂದೊಂದು ಚಾದರವನ್ನೂ ಇದೇನಾ, ಇದೇನಾ ಎಂದು ಬಿಡಿಸಿ ನೋಡಿದ್ದಳು. ಮೂರನೇ ರೋಲರ್, ಬೇಗ, ಎಂದು ಮೇಸ್ತ್ರಿ ಕೂಗುತ್ತಿದ್ದ.

ಅವಳು ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಜಾರಿ ಗೋಡೆಗೆ ಬಡಿಯಿತು. ಈ ಊರಿನ ಮಾತಿನಲ್ಲೇ, ಇದ್ದ ಇನ್ನೂರು ಶಬ್ದದಲ್ಲಿ ಕೈಗೆ ಸಿಕ್ಕಿದ್ದನ್ನು ತೆಗೆದು ಆಡಿದಳು. "ಇವಳು ನನ್ನ ಮಗಳು. ಇವಳು ತಪ್ಪು ಹೇಳಿದಳು. ನಾನು ಧನ್ಯವಾದ ಇಲ್ಲ. ಕೋಣೆ ಮುಚ್ಚಬೇಡಿ. ಬಸ್ಸು ಎರಡು. ಮಂಡಿ ಒಂದು. ಇನ್ನೊಂದು ಕೆಟ್ಟಿದೆ." ಯಾರೋ ಕಿಸಕ್ಕನೆ ನಕ್ಕರು, ಪ್ರೀತಿಯ ನಗು, ಮಕ್ಕಳ ಮಾತಿಗೆ ನಗುವಂಥದ್ದು. ಅವಳು ಆ ಕಡೆ ತಿರುಗಿದಳು. "ನಗಬೇಡಿ. ನಾನು ನಿಮ್ಮ ಚಾದರ ಒಗೆದೆ. ಇಪ್ಪತ್ತೊಂಬತ್ತು ವರ್ಷ. ನಿಮ್ಮ ಕೊಳಕು ನನಗೆ ಗೊತ್ತು. ನಾನು ನಗಲಿಲ್ಲ." ಇನ್ನೂ ಹೇಳಬೇಕಾಗಿತ್ತು, ಶಬ್ದಗಳು ಮುಗಿದುಹೋದವು. ನಿಂತೇ ಇದ್ದಳು. ಆಗ ಅಧ್ಯಕ್ಷ ಚಪ್ಪಾಳೆ ತಟ್ಟಿದ. ಒಬ್ಬೊಬ್ಬರಾಗಿ ಎಲ್ಲರೂ ತಟ್ಟಿದರು. ಅಧ್ಯಕ್ಷ ಪಕ್ಕದವಳಿಗೆ ಏನೋ ಅಂದ. ಮಗಳು ತಲೆ ತಗ್ಗಿಸಿ ಕೂತಿದ್ದವಳು ಬತ್ತಿದ ಧ್ವನಿಯಲ್ಲಿ, ಈ ಸಲ ಏನೂ ತಿದ್ದದೆ ಹೇಳಿದಳು: "ನಮ್ಮ ಭಾಷೆ ಎಷ್ಟು ಚೆನ್ನಾಗಿ ಮಾತಾಡ್ತಾರೆ ನೋಡಿ, ಬೆರೆಯೋದು ಅಂದ್ರೆ ಇದೇ, ಅಂತಿದಾರೆ." ಕ್ಯಾಮೆರಾದ ಬೆಳಕು ಅವಳ ಮುಖಕ್ಕೆ ಹೊಡೆಯಿತು. ಮುಂದಿನ ವಿಷಯ ಬೀದಿದೀಪಗಳದ್ದು.

ಹೊರಗೆ ಕಾರಿಡಾರಿನಲ್ಲಿ ಮಗಳು ಅವಳ ತೋಳು ಹಿಡಿದು ಕಿಟಕಿಯ ಹತ್ತಿರ ಎಳೆದಳು. "ಮರ್ಯಾದೆ ತೆಗೆದೆ ಅಮ್ಮ. ನಾನು ಕೆಲಸ ಮಾಡೋ ಜಾಗ ಇದು."

"ಸುಳ್ಳು ಹೇಳಲಿಲ್ವಾ ನೀನು?"

"ನಿನಗೆ ಗೊತ್ತಿಲ್ಲ. ಕೋಪದಲ್ಲಿ ಹೇಳಿದ್ರೆ ಇವರ ಕಿವಿ ಮುಚ್ಚಿಹೋಗುತ್ತೆ. ಮೊದಲು ಧನ್ಯವಾದ ಅನ್ನಬೇಕು, ಆಮೇಲೆ ಮೆಲ್ಲಗೆ ಒಂದೊಂದೇ ಕೇಳಬೇಕು. ಕೇಳ್ತಿದ್ದೆ ನಾನು. ನೀನೆಲ್ಲಿ ಬಿಟ್ಟೆ?"

"ಆಮೇಲೆ ಅಂದ್ರೆ ಯಾವಾಗ? ನಾನು ಸತ್ತ ಮೇಲಾ?"

"ಒಂಬತ್ತು ವರ್ಷಕ್ಕೇ ನಿನ್ನ ಬಾಯಾದೆ" ಎಂದಳು ಮಗಳು. ಧ್ವನಿ ಏರಲಿಲ್ಲ, ಅದೇ ಹೆದರಿಕೆಯಾಗುವಂತಿತ್ತು. "ಮನೆ ಮಾಲೀಕ, ಬ್ಯಾಂಕು, ಡಾಕ್ಟರು, ನಿನ್ನ ಮೇಸ್ತ್ರಿ. ಅವನು ನಿನ್ನನ್ನ ಏನೇನು ಬೈದ ಅಂತ ನನಗೆ ಮಾತ್ರ ಗೊತ್ತು. ಎಲ್ಲಾ ನುಂಗಿ ನಿನಗೆ ಒಳ್ಳೇದು ಮಾತ್ರ ಹೇಳಿದೆ. ಒಂದು ದಿನ ಕೇಳಿದ್ಯಾ, ನಿನಗೆ ಹೇಗಾಗುತ್ತೆ ಪುಟ್ಟಿ ಅಂತ?"

ಕೇಳಿರಲಿಲ್ಲ. ಸುಮ್ಮನಿರಬಹುದಿತ್ತು. ಆದರೆ ಒಳಗಿನ ಚಪ್ಪಾಳೆ ಇನ್ನೂ ಮೈಮೇಲೆ ಅಂಟಿಕೊಂಡಿತ್ತು, ಯಾರನ್ನಾದರೂ ಸುಡಬೇಕಾಗಿತ್ತು. ಹತ್ತಿರ ನಿಂತವಳು ಮಗಳು. "ಅವತ್ತು ಡಾಕ್ಟರು ನಿಮ್ಮಪ್ಪನ ವಿಷಯ ಏನು ಹೇಳಿದ್ರು ಅಂತ ನನಗೆ ಗೊತ್ತಿತ್ತು" ಅಂದಳು.

ಮಗಳು ತೋಳು ಬಿಟ್ಟಳು. "ಯಾವಾಗ ಗೊತ್ತಾಯ್ತು?"

"ಅವರು ಮಾತು ಮುಗಿಸೋ ಮೊದಲೇ. ಮುಖ ನೋಡಿದ್ರೆ ತಿಳಿಯಲ್ವಾ?"

"ನಾನು ಸುಳ್ಳು ಹೇಳಿದ್ದಕ್ಕೇ ನೀನು ಅಪ್ಪನ ಹತ್ರ ಇರಲಿಲ್ಲ ಅಂದ್ಕೊಂಡಿದ್ದೆ." ಮಗಳು ಒಂದೊಂದೇ ಶಬ್ದವನ್ನು ಇಟ್ಟು ಇಟ್ಟು ಹೇಳಿದಳು. "ಮೂವತ್ತೈದು ವರ್ಷ."

"ನೀನು ಹೇಳಿದ್ದನ್ನ ನಂಬಿದ ಹಾಗೆ ಇದ್ರೆ ಪಾಳಿಗೆ ಹೋಗಬಹುದಿತ್ತು. ನಂಬದೆ ಇದ್ದಿದ್ರೆ ಅಲ್ಲಿ ಕೂತು ನೋಡಬೇಕಿತ್ತು. ನನ್ನ ಕೈಲಾಗಲಿಲ್ಲ."

ಮಗಳು ಅಳುತ್ತಾಳೆ ಎಂದುಕೊಂಡಿದ್ದಳು. ಅತ್ತಿದ್ದರೆ ಅಪ್ಪಿಕೊಂಡು ಮುಗಿಸಬಹುದಿತ್ತು. ಮಗಳು ಅವಳನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿ, ಲಿಫ್ಟಿನ ಗುಂಡಿ ಒತ್ತಿ, ಬಾಗಿಲು ತೆರೆದಾಗ ಒಳಗೆ ಹೋಗಿ ನಿಂತಳು. ಈ ಸಲ ಬಾಗಿಲನ್ನು ಯಾರಿಗಾಗಿಯೂ ಹಿಡಿಯಲಿಲ್ಲ.

ಕಾರಿಲ್ಲದೆ ಅವಳು ಬಸ್ಸಿನಲ್ಲೇ ಮನೆಗೆ ಹೊರಟಳು. ನಗರಸಭೆಯೂ ಹೊಳೆಯಾಚೆಯೇ. ಅದೇ ಎರಡು ಬಸ್ಸು. ಮೊದಲನೆಯದರಲ್ಲಿ ಕೂತಾಗಲೇ ಹೊಟ್ಟೆಯ ಕೆಳಗೆ ಒತ್ತಡ ಶುರುವಾಗಿತ್ತು. ಸಭೆಯಲ್ಲಿ ಬಾಟಲಿಯ ನೀರನ್ನೆಲ್ಲ ಸಿಟ್ಟಿಗೆ ಕುಡಿದು ಮುಗಿಸಿದ್ದಳು, ಹೊರಡುವಾಗ ಆ ಕಟ್ಟಡದಲ್ಲಿ ಒಂದು ನಿಮಿಷವೂ ನಿಲ್ಲಬಾರದೆಂದು ಇಳಿದುಬಂದಿದ್ದಳು. ಸೇತುವೆಯ ಕೆಳಗೆ ಇಳಿದು ಎರಡನೇ ಬಸ್ಸಿಗೆ ಕಾಯುತ್ತ, ಭಾರವನ್ನು ಒಳ್ಳೆಯ ಮಂಡಿಯ ಮೇಲೆ ಹಾಕಿ ನಿಂತಳು. ಎದುರಿಗೆ ಕಾಫಿ ಅಂಗಡಿ. ರಸ್ತೆ ದಾಟಿ ಹೋಗಿ ಶೌಚಾಲಯ ಕೇಳಿದಳು. ಗಲ್ಲಾಪೆಟ್ಟಿಗೆಯ ಹುಡುಗಿ ಬಾಗಿಲ ಮೇಲಿನ ಫಲಕ ತೋರಿಸಿ, ಗಿರಾಕಿಗಳಿಗೆ ಮಾತ್ರ, ಕ್ಷಮಿಸಿ, ಅಂದಳು. "ಧನ್ಯವಾದ" ಎಂದಳು ಅವಳು. ಬಾಯಿ ತಾನಾಗಿ ಅಂದದ್ದು. ಹೊರಗೆ ಬಂದು ಆ ಬಾಯಿಗೆ ಹೊಡೆದುಕೊಳ್ಳಬೇಕೆನ್ನಿಸಿತು. ಊರನ್ನೇ ಬೈದು ಬಂದವಳು, ಮೂತ್ರಕ್ಕೆ ಬಿಡದವಳಿಗೆ ಧನ್ಯವಾದ ಹೇಳಿ ಬಂದಿದ್ದಳು. ಮಗಳ ಬಾಯಲ್ಲಿ ಆ ಶಬ್ದ ಯಾರು ಇಟ್ಟದ್ದು ಮತ್ತೆ. ಎರಡನೇ ಬಸ್ಸು ಹತ್ತುವಾಗ ಮೆಟ್ಟಿಲು ಎತ್ತರವಿತ್ತು, ಕಾಲೆತ್ತಿದಳು, ಅಷ್ಟೆ. ಬಿಸಿ ತೊಡೆಯಗುಂಟ ಇಳಿದು ಕಾಲುಚೀಲಕ್ಕೆ ಸೇರಿತು. ಕಂದು ಕೋಟು ಎಲ್ಲವನ್ನೂ ಮುಚ್ಚಿತು. ಡ್ರೈವರ್ ನೋಡಲಿಲ್ಲ. ಒಂಬತ್ತು ನಿಲ್ದಾಣ ಅವಳು ಕೂರದೆ, ಕಂಬ ಹಿಡಿದು ನಿಂತೇ ಬಂದಳು. ಇದೇ ವಾಸನೆಯ ಸಾವಿರ ಸಾವಿರ ಚಾದರ ಎತ್ತಿದ್ದಳು, ಒಂದು ದಿನವೂ ಮೂಗು ಮುಚ್ಚಿರಲಿಲ್ಲ. ಇವತ್ತು ತನ್ನದೇ ವಾಸನೆಗೆ ಮುಖ ಕಿಟಕಿಗೆ ಒತ್ತಿ ನಿಂತಳು.

ಕೋಣೆಯಲ್ಲಿ ಆರು ಜನ ಕಾಯುತ್ತಿದ್ದರು. ಅವಳು ಮೊದಲು ಮನೆಗೆ ಹೋಗಿ ಮೈ ತೊಳೆದುಕೊಂಡು ಬಂದಳು. ಏನಾಯ್ತು ಎಂದು ಕೇಳಿದರು. ಎಲ್ಲವನ್ನೂ ಹೇಳಿದಳು, ಚಪ್ಪಾಳೆಯನ್ನೂ, ಬಸ್ಸಿನ ಮೆಟ್ಟಿಲನ್ನೂ. ಮಗಳ ವಿಷಯವೊಂದನ್ನು ಬಿಟ್ಟು. ಯಾರೂ ನಗಲಿಲ್ಲ. ಹೊಲಿಗೆಯವಳು ಕೋಲನ್ನು ನೆಲಕ್ಕೆ ಕುಟ್ಟಿ, "ನನಗೂ ಆಗಿದೆ, ಅದೇ ಸೇತುವೆ ಹತ್ರ" ಅಂದಳು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಬ್ಬಳು, ನನಗೂ, ಅಂದಳು. ಹನ್ನೆರಡು ವರ್ಷ ದಿನಾ ಮಾತಾಡಿದ್ದರು, ಇದನ್ನು ಆಡಿರಲಿಲ್ಲ.

ಆರು ದಿನ ಮಗಳ ಫೋನಿಲ್ಲ. ಅವಳೂ ಮಾಡಲಿಲ್ಲ. ಎರಡು ಸಲ ಫೋನು ಎತ್ತಿದಳು, ಏನೆಂದು ಶುರು ಮಾಡುವುದೋ ತಿಳಿಯದೆ ಇಟ್ಟಳು. ಏಳನೆಯ ದಿನ ಮಧ್ಯಾಹ್ನ ಮಗಳು ಬಂದಳು, ಕೋಟು ಬಿಚ್ಚದೆ ಅಡುಗೆಮನೆಯ ಮೇಜಿನ ಮುಂದೆ ಕೂತಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಚೀಲದಿಂದ ಒಂದು ಕಾಗದ ತೆಗೆದಳು. "ಓದ್ತೀನಿ. ಇದ್ದ ಹಾಗೇ ಓದ್ತೀನಿ" ಅಂದಳು.

"ಓದು."

"ಹಿರಿಯ ವಲಸಿಗರ ಪರವಾಗಿ ಮಾತನಾಡಿದ ಮಹಿಳೆ ಭಾವುಕರಾಗಿ ಸ್ಥಳೀಯ ಭಾಷೆಯಲ್ಲೇ ಮಾತನಾಡಿದ್ದು ಶ್ಲಾಘನೀಯ. ಸಾರಿಗೆಯ ಕುರಿತ ಅವರ ಆತಂಕವನ್ನು ಗಮನಿಸಲಾಗಿದೆ. ನೆಲಮಹಡಿಯ ಕೋಣೆಯನ್ನು ಮುಂದಿನ ತಿಂಗಳು ಒಂದನೇ ತಾರೀಖಿಗೆ ಮುಚ್ಚಲಾಗುವುದು." ಮಗಳು ನಿಲ್ಲಿಸಲಿಲ್ಲ, ನಗಲಿಲ್ಲ, ಉಗುಳು ನುಂಗಲಿಲ್ಲ. "ಕುರ್ಚಿ ಮತ್ತು ಇತರ ಸಾಮಾನುಗಳನ್ನು ಅದಕ್ಕೆ ಮೊದಲು ತೆರವು ಮಾಡತಕ್ಕದ್ದು. ತಪ್ಪಿದಲ್ಲಿ ನಗರಸಭೆಯೇ ತೆರವು ಮಾಡುತ್ತದೆ. ಅಷ್ಟೇ. ಇನ್ನೇನೂ ಇಲ್ಲ."

ಅವಳು ಕೇಳಿಸಿಕೊಂಡಳು. ಇಷ್ಟು ವರ್ಷದಲ್ಲಿ ಮಗಳ ಬಾಯಿಂದ ಒಂದು ಕೆಟ್ಟ ಸುದ್ದಿ ಕೆಟ್ಟದ್ದಾಗಿಯೇ ಬಂದು ಕಿವಿಗೆ ಬಿದ್ದದ್ದು ಇದೇ ಮೊದಲು. ಎದೆಗೆ ಗುದ್ದಿದ ಹಾಗಾಯಿತು, ಆದರೆ ಗುದ್ದು ಎಲ್ಲಿಂದ ಬಂತೆಂದು ಗೊತ್ತಿತ್ತು. ಕ್ಷಮಿಸು ಎಂಬ ಮಾತು ನಾಲಿಗೆಯ ತನಕ ಬಂತು. ಲಾಂಡ್ರಿಯಲ್ಲಿ ದಿನಕ್ಕೆ ಐವತ್ತು ಸಲ ಹೇಳಿ ಅದರ ಜೀವ ಹೋಗಿತ್ತು. "ಪುಟ್ಟಿ" ಎಂದಳು. ಮಗಳು ತಲೆ ಎತ್ತಿದಳು. "ಆಗ ನಿನ್ನನ್ನ ಒಬ್ಬಳನ್ನೇ ಬಿಟ್ಟೆ. ಗೊತ್ತಿದ್ದೂ ಬಿಟ್ಟೆ."

"ಹೌದು, ಬಿಟ್ಟೆ" ಅಂದಳು ಮಗಳು. "ನನಗಿನ್ನೂ ಸಿಟ್ಟು ಹೋಗಿಲ್ಲ ಅಮ್ಮ. ಹೋಗುತ್ತೋ ಇಲ್ವೋ ಗೊತ್ತಿಲ್ಲ."

"ಇರಲಿ. ನನಗೂ ಹೋಗಿಲ್ಲ."

ಮೇಲಿನ ಮನೆಯಲ್ಲಿ ಯಾರೋ ನಲ್ಲಿ ಬಿಟ್ಟರು, ಗೋಡೆಯೊಳಗೆ ನೀರು ಇಳಿಯಿತು. ಮಗಳು ಕಾಗದವನ್ನು ಮಗುಚಿ ಅದರ ಖಾಲಿ ಬೆನ್ನನ್ನು ಮೇಲೆ ಮಾಡಿ, ಪೆನ್ನು ತೆಗೆದಳು. "ಆಕ್ಷೇಪಣೆ ಕೊಡೋಕೆ ಇನ್ನು ಎಂಟು ದಿನ ಇದೆ. ನನ್ನ ಕೈಬರಹ ಅಂತ ಆಫೀಸಲ್ಲಿ ಎಲ್ಲರಿಗೂ ತಿಳಿಯುತ್ತೆ. ತಿಳೀಲಿ. ಹೇಳು."

"ಸೇತುವೆ ಹತ್ರ ನನಗೆ ಏನಾಯ್ತು ಅಂತ ಮೊದಲು ಬರಿ. ಹೊಲಿಗೆಯವಳಿಗೂ ಆಗಿದೆ, ಇನ್ನೊಬ್ಬಳಿಗೂ. ಮೂರು ಜನರ ಹೆಸರೂ ಹಾಕು, ನಾನು ಕೇಳಿ ಬಂದಿದೀನಿ."

ಏನಾಯಿತು ಎಂದು ಹೇಳಿದಳು. ಮಗಳ ಪೆನ್ನು ಒಂದು ಗಳಿಗೆ ನಿಂತಿತು, ಮತ್ತೆ ಓಡಿತು. ಬರೆದದ್ದನ್ನು ಓದಿ ಹೇಳಿದಳು. ಮೂತ್ರ ಅನ್ನುವ ಕಡೆ ಮೂತ್ರ ಎಂದೇ ಇತ್ತು.

"ಕೊನೇಲಿ ಹಾಕು. ನಾವು ಹೊಸ ಕೇಂದ್ರಕ್ಕೆ ಹೋಗಲ್ಲ."

ಮಗಳು ಬರೆಯುತ್ತ ಹೋದವಳು ಪೆನ್ನು ನಿಲ್ಲಿಸಿದಳು. "ಹೋಗಲು ನಮ್ಮಿಂದ ಆಗುವುದಿಲ್ಲ ಅಂತ ಹಾಕಿದೀನಿ, ಸಾಕಾ?"

"ಆಗಲ್ಲ ಅಂತ ಅಲ್ಲ" ಅಂದಳು ಅವಳು. "ಹೋಗಲ್ಲ ಅಂತ."

ಮಗಳು ಒಂದು ಶಬ್ದ ಹೊಡೆದು ಹಾಕಿದಳು. ಪೆನ್ನು ಒತ್ತಿ ಇನ್ನೊಂದು ಬರೆದಳು.